ಕಾರಿನ ಮುಖಕ್ಕೆ ಮನೆಯ ಮುಚ್ಚಳ

ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡ ಮೊದಲಾದ ಶೀತದೇಶಗಳಲ್ಲಿ ಕೆಲವು ಕಾರು ಮಾಲಿಕರು ತಮ್ಮ ವಾಹನದ ಮುಂಭಾಗದ ಜಾಲರಿಯನ್ನು ತಾವೇ ಮುಚ್ಚಿಕೊಳ್ಳುವುದುಂಟು. ಜಾಹೀರಾತು ಫಲಕಗಳಿಗೆ ಬಳಸುವ ಹಗುರವಾದ ಪ್ಲಾಸ್ಟಿಕ್ ಹಾಳೆ, ನೀರಿನ ಕೊಳವೆಗಳಿಗೆ ತೊಡಿಸುವ ಸ್ಪಂಜಿನಂಥ ಹೊದಿಕೆ, ಒಂದಿಷ್ಟು ಅಂಟುಪಟ್ಟಿ, ಇಷ್ಟೇ ಇದಕ್ಕೆ ಬೇಕಾದ ಸಾಮಗ್ರಿ. ಪೆಟ್ರೋಲಿನ ಉಳಿತಾಯವೇ ಇದರ ಉದ್ದೇಶ. ೨೦೦೮ರ ಬೇಸಗೆಯಲ್ಲಿ ಅಮೆರಿಕದಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್ನಿಗೆ ೪ ಡಾಲರನ್ನು ಮೀರಿದಾಗ ಇಂಥ ಉಪಾಯಗಳ ಕಡೆಗೆ ಅನೇಕರ ಗಮನ ಹರಿಯಿತು. ಇದನ್ನು ಹುಚ್ಚಾಟವೆಂದು ನಗುವವರುಂಟು; ಮಹಾಲಾಭವೆಂದು ಸಾರುವವರೂ ಉಂಟು. ಈ ಎರಡು ಮಾತುಗಳಲ್ಲಿ ಯಾವುದನ್ನೂ ಅಳತೆಯಿಲ್ಲದೆ ಒಪ್ಪಲಾಗದು ಎಂಬುದು ನಮ್ಮ ಅಭಿಪ್ರಾಯ.

ಮೊದಲು ನಗುವವರ ಮಾತನ್ನು ಪರಿಶೀಲಿಸೋಣ. ಓಡುವ ಕಾರಿನ ಜಾಲರಿಯೊಳಗೆ ನುಗ್ಗಿದ ಗಾಳಿಯು ರೇಡಿಯೇಟರಿನ ಸಂದುಗಳಲ್ಲಿ ತೂರಿ, ಎಂಜಿನ್ನಿನ ಗೂಡಿನಲ್ಲಿ ಸುತ್ತಿ ಸುಳಿದು, ಕೆಳಗಿನಿಂದ ಹೊರಬೀಳುತ್ತದೆ. ಈ ಗೊಂದಲದ ಪಯಣಕ್ಕೆ ವ್ಯಯವಾಗುವ ಶಕ್ತಿಯನ್ನು ಒದಗಿಸುವುದು ಪೆಟ್ರೋಲೇ. ದಾರಿಯನ್ನು ಮುಚ್ಚಿದರೆ ಗಾಳಿಯು ಕಾರಿನ ಮೈಯನ್ನು ಸವರಿಕೊಂಡು ಹೆಚ್ಚು ಸರಾಗವಾಗಿ ಸರಿದುಹೋಗುತ್ತದೆ. ಇದರಲ್ಲಿ ಮಾಯವೇನೂ ಇಲ್ಲ.

"ಲಾಭವಿದ್ದಿದ್ದರೆ ಕಾರು ತಯಾರಿಸುವವರೇ ಮುಚ್ಚುತ್ತಿರಲಿಲ್ಲವೆ?" ಎಂದು ಕೆಲವರು ಕೇಳುವುದುಂಟು. ಅವರು ಮುಚ್ಚಿಯೂ ಇದ್ದಾರೆ! ೧೯೩೦ರ ದಶಕದ ರೋಲ್ಸ್ ರಾಯ್ಸ್ ಕಾರುಗಳಲ್ಲಿ ಎಂಜಿನ್ನಿನ ಬಿಸಿಯನ್ನು ಹದದಲ್ಲಿಡಲು ರೇಡಿಯೇಟರಿನ ಮುಂದೆ ತಾನಾಗಿ ತೆರೆದು ಮುಚ್ಚುವ ಪಟ್ಟಿಗಳಿದ್ದವು. ಗಾಳಿಯ ರೋಧವನ್ನು ಕುಗ್ಗಿಸುವ ಸಲುವಾಗಿಯೇ ೨೦೧೧ರ ಷೆವ್ರೊಲೆ ಕ್ರೂಜ್ ಇಕೋ ಕಾರಿನ ಕೆಳಜಾಲರಿಗೆ ಇಂಥ ಪಟ್ಟಿಗಳನ್ನು ಅಳವಡಿಸಲಾಯಿತು. ಇಂಥ ಏರ್ಪಾಡಿಲ್ಲದ ಕಾರಿನ ಜಾಲರಿಯು ಅತಿ ಬಿಸಿಯಾದ ದಿನಕ್ಕೆ, ಅತಿ ಕಡಿದಾದ ಏರಿಗೆ, ಅತಿ ಭಾರವಾದ ಹೊರೆಗೆ ಸಾಲುವಂತೆ ಇರಬೇಕಾಗುತ್ತದೆ. ಹಿಮ ಬೀಳುವ ಮಿನ್ನೆಸೋಟದ ಜನವರಿಯಲ್ಲಿ ಸಮತಟ್ಟಾದ ಹೆದ್ದಾರಿಯ ಮೇಲೆ ಒಬ್ಬನೇ ಹೋಗುವವನಿಗೆ ಅಷ್ಟು ದೊಡ್ಡ ಬಾಗಿಲು ಬೇಕಿಲ್ಲ.

ಇನ್ನು ಮಹಾಲಾಭವೆನ್ನುವವರ ಮಾತು. ಲೆಕ್ಕವು ಕಾಲೇಜಿನ ವಿದ್ಯಾರ್ಥಿಗೆ ಎಟುಕುವಂಥದೇ. ಗಾಳಿಯ ರೋಧವು ಅದರ ಸಾಂದ್ರತೆ, ಕಾರಿನ ಆಕಾರದ ಗುಣಾಂಕ, ಮುಂಭಾಗದ ವಿಸ್ತೀರ್ಣ, ವೇಗದ ವರ್ಗ, ಇವುಗಳ ಗುಣಲಬ್ಧದ ಅರ್ಧ. ಗುಣಾಂಕ ೦.೩, ವಿಸ್ತೀರ್ಣ ೨.೨ ಚದರ ಮೀಟರ್ ಇರುವ ಕಾರು ಗಂಟೆಗೆ ೧೦೦ ಕಿಲೋಮೀಟರ್ ವೇಗದಲ್ಲಿ ಓಡುವಾಗ ಈ ರೋಧ ಸುಮಾರು ೩೦೫ ನ್ಯೂಟನ್ ಆಗುತ್ತದೆ. ೧,೪೦೦ ಕಿಲೋಗ್ರಾಂ ತೂಕದ ಆ ಕಾರಿನ ಚಕ್ರಗಳು ಉರುಳುವಾಗಿನ ರೋಧ ಸುಮಾರು ೧೪೦ ನ್ಯೂಟನ್. ಮುಚ್ಚಳವು ಗಾಳಿಯ ರೋಧವನ್ನು ಶೇಕಡ ೫ರಷ್ಟು ತಗ್ಗಿಸಿತೆಂದೇ ಇಟ್ಟುಕೊಳ್ಳೋಣ. ಉಳಿದದ್ದು ೧೫ ನ್ಯೂಟನ್. ಎಂದರೆ ಒಟ್ಟು ರೋಧದಲ್ಲಿ ಶೇಕಡ ೩ರ ಆಸುಪಾಸು. ವೇಗವು ೫೦ ಕಿಲೋಮೀಟರಿಗೆ ಇಳಿದರೆ ಉಳಿತಾಯವು ಶೇಕಡ ೨ನ್ನೂ ಮುಟ್ಟದು. ಹೆಜ್ಜೆಹೆಜ್ಜೆಗೂ ನಿಲ್ಲುವ ಪೇಟೆಯ ಓಡಾಟದಲ್ಲಂತೂ ಅದು ಲೆಕ್ಕಕ್ಕೆ ಸಿಗುವುದೇ ಕಷ್ಟ.

ಈ ಸಣ್ಣ ಲಾಭಕ್ಕೆ ಎದುರಾಗಿ ನಿಂತಿರುವ ಅಪಾಯವೇನು? ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಕೆಲಸಕ್ಕೂ, ಅಷ್ಟೇ ಪಾಲು ಹೊಗೆಯ ಬಿಸಿಗೂ, ಉಳಿದದ್ದು ಎಂಜಿನ್ನನ್ನು ತಣಿಸುವ ನೀರಿಗೂ ಸಲ್ಲುತ್ತದೆ. ಆ ನೀರಿನ ಬಿಸಿಯನ್ನು ಹೊರಗೊಯ್ಯುವುದು ನಾವು ತಡೆಯಹೊರಟಿರುವ ಗಾಳಿಯೇ. ಕಾರು ಭಾರ ಹೊತ್ತು ನಿಧಾನವಾಗಿ ಘಟ್ಟವನ್ನೇರುವಾಗ ಶಾಖ ಹೆಚ್ಚು, ಗಾಳಿ ಕಡಿಮೆ. ಆಗ ನೀರು ಕುದಿದು, ಸಿಲಿಂಡರಿನ ತಲೆಯು ಸೊಟ್ಟಗಾದರೆ, ವರ್ಷಗಟ್ಟಲೆ ಉಳಿಸಿದ ಹಣ ಒಂದು ರಿಪೇರಿಗೂ ಸಾಲದು. ಅಮೆರಿಕದ ನ್ಯಾಸ್ಕಾರ್ ಪಂದ್ಯಗಳಲ್ಲಿ ಅರ್ಹತಾ ಸುತ್ತಿಗಾಗಿ ಜಾಲರಿಗೆ ಪಟ್ಟಿ ಅಂಟಿಸುವ ಪದ್ಧತಿಯಿತ್ತು. ಕೆಲವೇ ಸುತ್ತುಗಳಿಗೆ ಸಲ್ಲುವ ಆ ಮುಚ್ಚುಗೆಯನ್ನು ನೂರಾರು ಮೈಲಿಯ ಪಂದ್ಯದಲ್ಲಿ ಹಾಗೆಯೇ ಇಟ್ಟುಕೊಳ್ಳುವಂತಿರಲಿಲ್ಲ.

ಉಷ್ಣತೆಯ ಮುಳ್ಳನ್ನು ನೋಡಿಕೊಂಡರಾಯಿತಲ್ಲ ಎಂದರೆ ಅದೂ ಸಾಲದು. ಈಗಿನ ಅನೇಕ ಕಾರುಗಳಲ್ಲಿ ನೀರಿನ ಬಿಸಿ ಹಲವು ಡಿಗ್ರಿ ಏರಿಳಿದರೂ ಮುಳ್ಳು ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ೧೯೯೬ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಪರೀಕ್ಷಾ ಕಿಂಡಿಗೆ ಸಣ್ಣದೊಂದು ಉಪಕರಣವನ್ನು ಜೋಡಿಸಿ, ನಿಜವಾದ ಡಿಗ್ರಿಯನ್ನು ಓದಬಹುದು. ಅದಿಲ್ಲದೆ ಜಾಲರಿಗೆ ಕೈಹಚ್ಚಬಾರದು.

ಆದರೆ ಇದಕ್ಕಿಂತ ಕಷ್ಟವಾದದ್ದು ಲಾಭವನ್ನು ಅಳೆಯುವುದು. ನಾವು ಹುಡುಕುತ್ತಿರುವುದು ರೋಧದಲ್ಲಿ ಶೇಕಡ ೫ರ ವ್ಯತ್ಯಾಸ. ಗಂಟೆಗೆ ಕೇವಲ ೫ ಕಿಲೋಮೀಟರ್ ವೇಗದ ಮಂದಾನಿಲವು ಎದುರಾಗಿ ಬೀಸಿದರೂ, ೧೦೦ ಕಿಲೋಮೀಟರ್ ವೇಗದ ಕಾರಿಗೆ ರೋಧವು ಶೇಕಡ ೧೦ರಷ್ಟು ಹೆಚ್ಚುತ್ತದೆ. ಹವೆಯು ಸೊನ್ನೆ ಡಿಗ್ರಿಯಿಂದ ೩೦ ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಗಾಳಿಯ ಸಾಂದ್ರತೆ ಶೇಕಡ ೧೦ರಷ್ಟು ಕುಗ್ಗುತ್ತದೆ. ಚಳಿಗಾಲದಲ್ಲಿ ಮುಚ್ಚಳವಿಲ್ಲದೆ ಓಡಿಸಿ, ವಸಂತದಲ್ಲಿ ಮುಚ್ಚಿ ಓಡಿಸಿದವನು ಋತುವಿನ ಕೊಡುಗೆಯನ್ನು ತನ್ನ ಪ್ಲಾಸ್ಟಿಕ್ ಹಾಳೆಯ ಲೆಕ್ಕಕ್ಕೆ ಬರೆದುಕೊಂಡಾನು! ಆದುದರಿಂದ ಒಂದೇ ದಿನ, ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಹೋಗುತ್ತಲೂ ಬರುತ್ತಲೂ ಅಳೆಯಬೇಕು. ಮೊದಲು ಮುಚ್ಚದೆ, ಆಮೇಲೆ ಮುಚ್ಚಿ, ಕಡೆಗೆ ಮತ್ತೆ ಮುಚ್ಚದೆ ಓಡಿಸಬೇಕು. ಮೊದಲ ಮತ್ತು ಮೂರನೆಯ ಫಲಗಳು ಹೊಂದದಿದ್ದರೆ, ನಡುವಿನ ಫಲಕ್ಕೆ ಬೆಲೆಯಿಲ್ಲ.

ನಮ್ಮ ನಾಡಿನ ಓದುಗರು ಒಂದು ಮಾತನ್ನು ಮರೆಯಬಾರದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ಕಲಬುರಗಿ, ರಾಯಚೂರುಗಳಲ್ಲಿ ಈ ಪ್ರಯೋಗವು ಸಲ್ಲದು. ಅಲ್ಲಿ ಚಕ್ರದ ಗಾಳಿಯನ್ನು ಸರಿಯಾಗಿ ತುಂಬಿಸುವುದು, ವೇಗವನ್ನು ಮಿತಿಯಲ್ಲಿಡುವುದು, ಇವೇ ನಿರಪಾಯವಾದ ಉಳಿತಾಯದ ಮಾರ್ಗಗಳು. ವೇಗವನ್ನು ೧೦೦ರಿಂದ ೯೦ಕ್ಕೆ ಇಳಿಸಿದರೆ ಗಾಳಿಯ ರೋಧ ಶೇಕಡ ೧೯ರಷ್ಟು ತಗ್ಗುತ್ತದೆ. ಇದು ಮೇಲೆ ಹೇಳಿದ ಮುಚ್ಚಳದ ಫಲಕ್ಕಿಂತ ಮೂರು ಪಾಲಿಗೂ ಮಿಗಿಲು, ಖರ್ಚೂ ಇಲ್ಲ.

ಆದರೂ ಶೀತದೇಶದ ಆ ಕೈಗೆಲಸಗಾರರನ್ನು ನಾವು ಹಳಿಯಲಾರೆವು. ತಮ್ಮ ವಾಹನವು ಹೀಗೇಕಿದೆ ಎಂದು ಪ್ರಶ್ನಿಸಿ, ಕೈಯಾರೆ ಪರೀಕ್ಷಿಸಹೊರಟದ್ದು ಮೆಚ್ಚತಕ್ಕ ಗುಣ. ಆದರೆ "ನನಗೆ ಇಷ್ಟು ಉಳಿಯಿತು" ಎನ್ನುವವರು ಅಂದಿನ ಹವೆ, ಗಾಳಿ, ವೇಗ, ದೂರಗಳನ್ನೂ ಜೊತೆಯಲ್ಲಿಯೇ ಹೇಳಬೇಕು. ಹೇಳದಿದ್ದಲ್ಲಿ ಅವನ್ನು ಕೇಳಿ ತಿಳಿಯುವುದು ವಿಜ್ಞಾನದ ವಿದ್ಯಾರ್ಥಿಗಳ ಕರ್ತವ್ಯ. ಕಾರಿನ ವಿಷಯದಲ್ಲಿ ಮಾತ್ರವೇ ಅಲ್ಲ, ಉಳಿತಾಯದ ಭರವಸೆ ಕೊಟ್ಟು ಮಾರಾಟಕ್ಕೆ ಬರುವ ಪ್ರತಿಯೊಂದು ವಸ್ತುವಿನ ವಿಷಯದಲ್ಲಿಯೂ ಈ ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು.