ನಿಂತ ಲಾರಿ ಮುಂದೆ ನಾವು ನಾಲ್ಕು ಜನ

ಕಳೆದ ಮಳೆಗಾಲದ ಒಂದು ಶನಿವಾರ, ಮಧ್ಯಾಹ್ನ ಮೂರೂಕಾಲು. ರವೀಂದ್ರನಗರದಲ್ಲಿ ನಮ್ಮ ರೂಮಿನ ಎದುರಿಗೇ ಒಂದು ಹಳೇ ಲಾರಿ ಎರಡು ಸಲ ಕೆಮ್ಮಿ ಆಫ್ ಆಯಿತು. ಹಿಂದೆ ಟಾರ್ಪಾಲ್ ಹೊದಿಸಿದ ಗೊಬ್ಬರದ ಮೂಟೆ. ಡ್ರೈವರ್ ಒಬ್ಬರೇ, ಕ್ಲೀನರ್ ಇಲ್ಲ. ವಯಸ್ಸು ನಮ್ಮ ಅಪ್ಪಂದಿರಷ್ಟು. ತಂಗಿ ಮನೆಗೆ ಏನೋ ಕೊಟ್ಟು ಹೋಗೋಣ ಅಂತ ನಮ್ಮ ರಸ್ತೆಗೆ ತಿರುಗಿಸಿದ್ದರಂತೆ. ಐದು ಗಂಟೆಯೊಳಗೆ ಆಯನೂರಿನ ಗೋಡೌನ್ ಮುಟ್ಟಬೇಕಿತ್ತು.

ನಾವು ರೂಮಿನಲ್ಲಿ ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಇಇಇ, ಒಬ್ಬ ಸಿಎಸ್. ಸುಮ್ಮನೆ ನೋಡ್ತಾ ನಿಲ್ಲೋಕೆ ಆಗುತ್ತಾ? ಕೆಳಗೆ ಇಳಿದೆವು. ಇಳಿಯದೇ ಇದ್ದಿದ್ದರೆ ಆ ಮನುಷ್ಯನಿಗೆ ಒಳ್ಳೆಯದಾಗುತ್ತಿತ್ತು ಅಂತ ಈಗ ಗೊತ್ತಾಗಿದೆ. ಅದನ್ನೇ ಇಲ್ಲಿ ಬರೀತಿದ್ದೇವೆ.

ಸೆಲ್ಫ್ ಹೊಡೆದರೆ ಎಂಜಿನ್ ಗರಗರ ಅಂತ ಜೋರಾಗಿ ತಿರುಗುತ್ತಿತ್ತು, ಸ್ಟಾರ್ಟ್ ಮಾತ್ರ ಆಗುತ್ತಿರಲಿಲ್ಲ. ನಮ್ಮ ಮೊದಲ ತೀರ್ಮಾನ: ಬ್ಯಾಟರಿ. ಅಷ್ಟು ಜೋರಾಗಿ ತಿರುಗಿಸ್ತಿರೋ ಬ್ಯಾಟರಿ ಚೆನ್ನಾಗೇ ಇದೆ ಅನ್ನೋದು ಆಮೇಲೆ ಹೊಳೆದ ವಿಷಯ. ಇಇಇ ಗೆಳೆಯ ಟರ್ಮಿನಲ್ ಬಿಚ್ಚಿ ಉಜ್ಜಿದ. ಸಿಎಸ್ ಗೆಳೆಯ ಯೂಟ್ಯೂಬ್ ತೆರೆದ. ಮೆಕ್ಯಾನಿಕಲ್‌ನವರಲ್ಲಿ ಒಬ್ಬ "ಅಣ್ಣಾ, ಸ್ಪಾರ್ಕ್ ಪ್ಲಗ್ ಎಲ್ಲಿದೆ?" ಅಂತ ಕೇಳಿದ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರೋದಿಲ್ಲ, ಗಾಳಿಯನ್ನು ಒತ್ತಿ ಒತ್ತಿ ಬರುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ ಅಂತ ಹಿಂದಿನ ಸೆಮ್ಮಿನಲ್ಲಿ ಪಿ-ವಿ ಡಯಾಗ್ರಾಮ್ ಸಮೇತ ಬರೆದು ಪೂರ್ತಿ ಅಂಕ ತಗೊಂಡವನು ಅವನು. ಹೆಸರು ಬೇಡ, ಈ ಲೇಖನದ ಅರ್ಧ ಅವನೇ ಬರೆದಿದ್ದಾನೆ.

ಡ್ರೈವರ್ ಅಣ್ಣ ಈ ನಡುವೆ ಏನೋ ಹೇಳುತ್ತಲೇ ಇದ್ದರು. "ಭದ್ರಾವತಿ ಬಿಟ್ಟು ಮಾಚೇನಹಳ್ಳಿ ಹತ್ರ ಒಂದ್ಸಲ ಆಫ್ ಆಯ್ತು ಮಾರಾಯ್ರೆ. ಒಂದು ಬೀಡಿ ಮುಗಿಸೋ ಹೊತ್ತಿಗೆ ತಾನೇ ಸ್ಟಾರ್ಟ್ ಆಯ್ತು. ಊರೊಳಗೆ ಬಂದ್ಮೇಲೆ ಮತ್ತೊಂದ್ಸಲ ಹಂಗೇ. ಈಗ ನೋಡಿ, ಏನ್ ಮಾಡಿದ್ರೂ ಆಗ್ತಿಲ್ಲ." ನಾವು ತಲೆ ಆಡಿಸಿದೆವು. ಕಷ್ಟ ಹೇಳ್ಕೊಳ್ತಿದ್ದಾರೆ ಪಾಪ, ಅಂದುಕೊಂಡೆವು. "ಇನ್ನೊಂದ್ಸಲ ಹೊಡೀರಿ ಅಣ್ಣ" ಅಂತ ಹೇಳಿ ಹೇಳಿ ಹದಿನೈದು ನಿಮಿಷ ಸೆಲ್ಫ್ ಹೊಡೆಸಿದೆವು.

ಮೂರೂಮುಕ್ಕಾಲು ದಾಟಿದ ಮೇಲೆ ಅವರು ಫೋನ್ ಮಾಡಿದ್ದ ಮೆಕ್ಯಾನಿಕ್ ಮೊಪೆಡ್‌ನಲ್ಲಿ ಬಂದರು. ಬಂದವರು ಬಾನೆಟ್‌ಗೆ ಕೈ ಹಾಕಲಿಲ್ಲ, ಮಾತಿಗೆ ನಿಂತರು. ಯಾವಾಗಿಂದ? ಒಂದೇ ಸಲ ನಿಂತ್ಹೋಯ್ತಾ, ಎಳೆದು ಎಳೆದು ನಿಂತ್ತಾ? ಸೆಲ್ಫ್ ಹೊಡೆಯುವಾಗ ಸೈಲೆನ್ಸರ್‌ನಲ್ಲಿ ಹೊಗೆ ಬರ್ತಿತ್ತಾ? ನಾವು ನಾಲ್ಕೂ ಜನ ಮುಖ ಮುಖ ನೋಡಿಕೊಂಡೆವು. ಹದಿನೈದು ನಿಮಿಷದಲ್ಲಿ ಒಬ್ಬನೂ ಲಾರಿಯ ಹಿಂದೆ ಹೋಗಿ ನೋಡಿರಲಿಲ್ಲ. "ಇಲ್ಲ, ಹೊಗೆ ಇಲ್ಲ" ಅಂದವರು ಡ್ರೈವರ್.

ಈ ಒಂದು ಪ್ರಶ್ನೆಗೆ ಎಷ್ಟು ಬೆಲೆ ಅಂತ ಸ್ವಲ್ಪ ವಿವರಿಸಬೇಕು. ಬಿಳಿ ಹೊಗೆ ಬಂದಿದ್ದರೆ ಡೀಸೆಲ್ ಒಳಗೆ ಹೋಗ್ತಿದೆ, ಆದರೆ ಉರೀತಿಲ್ಲ ಅಂತ ಅರ್ಥ. ಆಗ ಕಂಪ್ರೆಷನ್, ವಾಲ್ವ್, ಟೈಮಿಂಗ್ ಕಡೆ ಹುಡುಕಬೇಕು. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್ ತನಕ ಬರ್ತಾನೇ ಇಲ್ಲ. ಇನ್ನು ಎಂಜಿನ್ ಬಿಚ್ಚೋ ಮಾತಿಲ್ಲ, ಟ್ಯಾಂಕಿನಿಂದ ಇಂಜೆಕ್ಟರ್ ತನಕ ಇರೋ ದಾರಿಯನ್ನಷ್ಟೇ ನೋಡಿದರೆ ಸಾಕು. ಸಿಎಸ್‌ನವರು ಬೈನರಿ ಸರ್ಚ್ ಅಂತಾರಲ್ಲ, ಅದನ್ನು ಇವರು ಸೈಲೆನ್ಸರ್ ಕಡೆ ಕೈ ತೋರಿಸಿ ಮಾಡಿದರು.

ಆಮೇಲೆ ಸೀದಾ ಟ್ಯಾಂಕ್ ಹತ್ತಿರ ಹೋಗಿ ಮುಚ್ಚಳ ತಿರುಗಿಸಿದರು. "ಉಸ್ಸ್" ಅಂತ ಗಾಳಿ ಒಳಗೆ ಹೋದ ಸದ್ದು ನಮಗೂ ಕೇಳಿಸಿತು. ಮುಚ್ಚಳದ ಕೆಳಗೆ ಒಂದು ಪ್ಲಾಸ್ಟಿಕ್ ಕವರ್, ಎರಡು ಮಡಿಕೆ. ಹಳೇ ಮುಚ್ಚಳ, ಮಳೆ ನೀರು ಟ್ಯಾಂಕಿಗೆ ಇಳೀತಿತ್ತು ಅಂತ ಮೂರು ದಿನದ ಹಿಂದೆ ಡ್ರೈವರೇ ಹಾಕಿ ಬಿಗಿದಿದ್ದರಂತೆ. ಮಲೆನಾಡಿನ ಮಳೆ ನೋಡಿದವರು ಯಾರೂ ಅವರನ್ನು ಬೈಯಲಾರರು.

ಟ್ಯಾಂಕಿನಿಂದ ಡೀಸೆಲ್ ಹೊರಗೆ ಹೋದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೇ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತೆ. ಅದು ಮುಚ್ಚಿಹೋದರೆ ಟ್ಯಾಂಕಿನೊಳಗೆ ಒತ್ತಡ ಇಳಿಯುತ್ತಾ ಹೋಗಿ, ಒಂದು ಹಂತದಲ್ಲಿ ಫೀಡ್ ಪಂಪ್ ಎಳೆದರೂ ಡೀಸೆಲ್ ಬರೋದಿಲ್ಲ. ಗಾಡಿ ನಿಲ್ಲುತ್ತೆ. ಒಂದು ಬೀಡಿ ಹೊತ್ತು ಬಿಟ್ಟರೆ ಎಲ್ಲಿಂದಲೋ ನುಸುಳಿ ನುಸುಳಿ ಗಾಳಿ ಟ್ಯಾಂಕ್ ಸೇರಿ ಒತ್ತಡ ಸರಿಹೋಗುತ್ತೆ, ಮತ್ತೆ ಸ್ಟಾರ್ಟ್. ಅಂದರೆ ಕಾಯಿಲೆ ಏನು ಅಂತ ಡ್ರೈವರ್ ಅಣ್ಣ ನಮಗೆ ಮೊದಲೇ ಹೇಳಿಬಿಟ್ಟಿದ್ದರು. ಮಾಚೇನಹಳ್ಳಿಯ ಬೀಡಿಯೇ ಡಯಾಗ್ನೋಸಿಸ್. ನಾವು ಅದನ್ನು ಹರಟೆ ಅಂದುಕೊಂಡೆವು, ಮೆಕ್ಯಾನಿಕ್ ರೀಡಿಂಗ್ ಥರ ಕೇಳಿಸಿಕೊಂಡರು.

ಮೂರನೇ ಸಲ ಯಾಕೆ ತಾನಾಗಿ ಸ್ಟಾರ್ಟ್ ಆಗಲಿಲ್ಲ? ಅಷ್ಟು ಎಳೆತಕ್ಕೆ ಹಳೇ ರಬ್ಬರ್ ಪೈಪಿನ ಜಾಯಿಂಟಿನಲ್ಲಿ ಗಾಳಿ ಒಳಗೆ ನುಗ್ಗಿತ್ತು. "ಏರ್ ತಗೊಂಡಿದೆ" ಅಂದರು. ನಾವು ಆ ಪೈಪನ್ನೂ ನೋಡಿದ್ದೆವು, ಒದ್ದೆ ಇರಲಿಲ್ಲ, ಲೀಕ್ ಇಲ್ಲ ಅಂತ ಬಿಟ್ಟಿದ್ದೆವು. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕೋದಿಲ್ಲ, ಗಾಳಿ ಒಳಗೆ ಹೋಗುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಸಕ್ಷನ್ ಹೆಡ್ ಲೆಕ್ಕ ಹತ್ತು ಅಂಕಕ್ಕೆ ಮಾಡಿದ್ದೇವೆ. ಅದೇ ಲೆಕ್ಕ ಆ ಕಪ್ಪು ಪೈಪಿನ ಒಳಗೆ ಕೂತಿದೆ ಅಂತ ಹೊಳೆಯಲಿಲ್ಲ.

ಈ ಥರದ ಹಳೇ ಲಾರಿಗಳ ಪಂಪಿಗೆ ಗ್ಯಾರೇಜಿನವರೆಲ್ಲ "ಮೈಕೋ ಪಂಪ್" ಅಂತಲೇ ಹೇಳೋದು. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಈಗ ಬಾಷ್ ಆಗಿದೆ, ಗ್ಯಾರೇಜಿನಲ್ಲಿ ಇನ್ನೂ ಮೈಕೋನೇ. ಆ ಪಂಪ್ ಡೀಸೆಲನ್ನು ಇಂಜೆಕ್ಟರಿಗೆ ಸುಮಾರು 200 ಬಾರ್ ಒತ್ತಡದಲ್ಲಿ ತಳ್ಳಬೇಕು. ಮಧ್ಯೆ ಗಾಳಿ ಗುಳ್ಳೆ ಇದ್ದರೆ ಒತ್ತಡವೆಲ್ಲ ಗುಳ್ಳೆಯನ್ನು ಕುಗ್ಗಿಸೋದಕ್ಕೇ ಖರ್ಚಾಗಿ ಇಂಜೆಕ್ಟರ್ ತೆರೆಯೋದೇ ಇಲ್ಲ. ಮೆಕ್ಯಾನಿಕ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪ್ ಒತ್ತುತ್ತಾ ಹೋದರು. ನೊರೆ ನೊರೆಯಾಗಿ ಬಂತು, ಗುಳುಗುಳು ಅಂತು, ಕೊನೆಗೆ ಗುಳ್ಳೆ ಇಲ್ಲದ ಡೀಸೆಲ್ ಬಂತು. ಸ್ಕ್ರೂ ಬಿಗಿ. ಜಾಯಿಂಟಿಗೆ ಹೊಸ ಕ್ಲಿಪ್. ಎಲ್ಲ ಸೇರಿ ಹತ್ತು ನಿಮಿಷ.

"ಹೊಡಿ ಸೆಲ್ಫ್" ಅಂದರು. ಟಕ್ ಅಂತು, ಅಷ್ಟೇ. ಚೆನ್ನಾಗಿದ್ದ ಬ್ಯಾಟರಿಯನ್ನು ನಾವು ಹದಿನೈದು ನಿಮಿಷದಲ್ಲಿ ಖಾಲಿ ಮಾಡಿದ್ದೆವು.

ಲೋಡ್ ಇರೋ ಲಾರಿ ನಾಲ್ಕು ಜನ ತಳ್ಳಿದರೆ ಅಲ್ಲಾಡುತ್ತಾ? ಮೆಕ್ಯಾನಿಕ್ ವಾಪಸ್ ಹೋಗಿ ಬೇರೆ ಬ್ಯಾಟರಿ ಮೊಪೆಡ್ ಮೇಲೆ ಇಟ್ಟುಕೊಂಡು ಬರೋ ಹೊತ್ತಿಗೆ ಐದಕ್ಕೆ ಹತ್ತು ನಿಮಿಷ. ಗಾಡಿ ಒಂದೇ ಹೊಡೆತಕ್ಕೆ ಸ್ಟಾರ್ಟ್ ಆಯಿತು. ಗೋಡೌನ್ ಮುಚ್ಚಿತ್ತು, ಮಾರನೇ ದಿನ ಭಾನುವಾರ. ಸೋಮವಾರದ ತನಕ ಲೋಡ್ ಮೇಲೇ ಇರಬೇಕು, ಭಾನುವಾರಕ್ಕೆ ಒಪ್ಪಿಕೊಂಡಿದ್ದ ಬಾಡಿಗೆ ಕೈಬಿಟ್ಟ ಹಾಗೇ. ಡ್ರೈವರ್ ಅಣ್ಣ ನಮಗೆ ಏನೂ ಅನ್ನಲಿಲ್ಲ. ಮೆಕ್ಯಾನಿಕ್ ಹೊರಡುವಾಗ "ಏನ್ ಓದ್ತಿದೀರಪ್ಪಾ?" ಅಂತ ಕೇಳಿದರು. ಇಇಇ, ಸಿಎಸ್ ಇಬ್ಬರೂ ಬೇಗ ಉತ್ತರ ಕೊಟ್ಟರು. ಮೆಕ್ಯಾನಿಕಲ್‌ನವರು ಕೊಡಲಿಲ್ಲ.

ಇಷ್ಟಕ್ಕೂ ನಮಗೆ ಥಿಯರಿ ಗೊತ್ತಿರಲಿಲ್ಲ ಅಂತಲ್ಲ. ಮೆಕ್ಯಾನಿಕ್ ಹೇಳಿದ ಒಂದೊಂದು ಮಾತಿಗೂ ನಮ್ಮ ನೋಟ್ಸ್‌ನಲ್ಲಿ ಪುಟ ಇದೆ. ಗೊತ್ತಿಲ್ಲದ್ದು ಎಲ್ಲಿಂದ ಶುರು ಮಾಡಬೇಕು ಅನ್ನೋದು. ಅದನ್ನು ನಮಗೆ ಯಾರೂ ಕಲಿಸಿಲ್ಲ, ಯಾಕಂದ್ರೆ ಲ್ಯಾಬಿನ ಎಂಜಿನ್‌ಗಳೆಲ್ಲ ಓಡೋ ಎಂಜಿನ್‌ಗಳು. ಸೀನಿಯರ್‌ಗಳ ರೆಕಾರ್ಡ್ ತೆಗೆದು ನೋಡಿದೆವು: ವಾಲ್ವ್ ಟೈಮಿಂಗ್, ಮೋರ್ಸ್ ಟೆಸ್ಟ್, ಹೀಟ್ ಬ್ಯಾಲೆನ್ಸ್. ಅಟೆಂಡರ್ ಸ್ಟಾರ್ಟ್ ಮಾಡಿ ಕೊಡುತ್ತಾರೆ, ನಾವು ರೀಡಿಂಗ್ ಬರೆದುಕೊಳ್ಳುತ್ತೇವೆ. ಎಂಜಿನ್ ಕೆಟ್ಟರೆ ಆ ದಿನ ಲ್ಯಾಬ್ ಕ್ಯಾನ್ಸಲ್. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಲ್ಯಾಬ್ ಆ ದಿನವೇ ಶುರುವಾಗಬೇಕಿತ್ತು.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಬಂದ ಉತ್ತರ: "ಹಳೇ ಲಾರಿ ಯಾರಿಗೆ ಬೇಕೋ? 2020ರ ಏಪ್ರಿಲ್‌ನಿಂದ ಎಲ್ಲ ಬಿಎಸ್-6, ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತೆ." ಬರುತ್ತೆ, ಸರಿ. ಪಿ0087 ಅಂತ ಬಂತು ಅಂತಿಟ್ಟುಕೊಳ್ಳಿ. ರೈಲ್‌ನಲ್ಲಿ ಡೀಸೆಲ್ ಒತ್ತಡ ಕಮ್ಮಿ ಅಂತ ಅದರರ್ಥ. ಯಾಕೆ ಕಮ್ಮಿ? ಫಿಲ್ಟರ್ ಕಟ್ಟಿರಬಹುದು, ಪಂಪ್ ಸವೆದಿರಬಹುದು, ಏರ್ ತಗೊಂಡಿರಬಹುದು, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಕವರ್ ಇರಬಹುದು. ಕವರಿಗೆ ಕೋಡ್ ಇಲ್ಲ. ಮೂರು ದಿನದ ಹಿಂದೆ ಏನು ಬದಲಾಯ್ತು ಅಂತ ಮನುಷ್ಯರನ್ನೇ ಕೇಳಬೇಕು. ಸರ್ವರ್ ಬಿದ್ದಾಗ ಸಿಎಸ್‌ನವರು ಮೊದಲು ಕೇಳೋದೂ ಇದನ್ನೇ ಅಂತೆ, ರಾತ್ರಿ ಊಟದ ಹೊತ್ತಿಗೆ ನಮ್ಮ ಸಿಎಸ್ ಗೆಳೆಯ ಹೇಳಿದ. ಮಧ್ಯಾಹ್ನ ಯಾಕೆ ಹೇಳಲಿಲ್ಲ ಅಂದರೆ "ಅದು ಲಾರಿ ಅಲ್ವಾ" ಅಂದ.

ಕೇಳೋದಕ್ಕೆ ಭಾಷೆಯೂ ಬೇಕು. ನಾವು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಇಂಗ್ಲಿಷಿನಲ್ಲಿ ಹೇಳಿದ್ದು ಸಬ್ಜೆಕ್ಟ್, ಕನ್ನಡದಲ್ಲಿ ಹೇಳಿದ್ದು ಮಾತುಕತೆ ಅಂತ ಕಿವಿಗೆ ಅಭ್ಯಾಸವಾಗಿಬಿಟ್ಟಿದೆ. "ಎಳೆದು ಎಳೆದು ನಿಂತಿತು" ಅನ್ನೋದರಲ್ಲಿ ಡೀಸೆಲ್ ನಿಧಾನವಾಗಿ ಕಮ್ಮಿಯಾಗಿದೆ ಅನ್ನೋ ಮಾಹಿತಿ ಇದೆ. "ಒಂದೇ ಸಲ ಬಂದ್ ಬಿತ್ತು" ಅಂದರೆ ಬೇರೆ ಕಡೆ ಹುಡುಕಬೇಕು. (ಸಂಪಾದಕರು ಡೀಸೆಲ್ ಬದಲು ಇಂಧನ ಅಂತ ಹಾಕಿ ಅಂದರು. ಆ ದಿನ ರಸ್ತೆಯಲ್ಲಿ ಇದ್ದ ಆರು ಜನರಲ್ಲಿ ಯಾರೂ ಇಂಧನ ಅನ್ನಲಿಲ್ಲ.)

ನಮ್ಮ ಯೂನಿವರ್ಸಿಟಿಗೆ ವಿಶ್ವೇಶ್ವರಯ್ಯನವರ ಹೆಸರಿದೆ, ಅವರು ನಡೆಸಿದ ಭದ್ರಾವತಿ ಕಬ್ಬಿಣದ ಕಾರ್ಖಾನೆ ಇಲ್ಲೇ ಪಕ್ಕದಲ್ಲಿದೆ. ನಷ್ಟದಲ್ಲಿದ್ದ ಆ ಕಾರ್ಖಾನೆಯ ಜವಾಬ್ದಾರಿ 1923ರಲ್ಲಿ ಅವರ ಮೇಲೆ ಬಿತ್ತು. ಆ ಕೆಲಸಕ್ಕೆ ಬರಬೇಕಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ, ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಹಾಗೆ. ಇಂಥವರ ಫೋಟೋ ಕೆಳಗೆ ಕೂತು ನಾವು ಸ್ಪಾರ್ಕ್ ಪ್ಲಗ್ ಹುಡುಕೋರಾದೆವು.

ನಾವು ಕೇಳ್ತಿರೋದು ದೊಡ್ಡದೇನಲ್ಲ. ಲ್ಯಾಬಿನ ಮೂಲೆಯಲ್ಲಿ ಒಂದು ಹಳೇ ಡೀಸೆಲ್ ಎಂಜಿನ್, ಟ್ಯಾಂಕ್ ಸಮೇತ. ಪ್ರತಿ ವಾರ ಯಾರಾದರೂ ಅದನ್ನು ಬೇಕಂತಲೇ ಕೆಡಿಸಿಡಬೇಕು: ಒಂದು ವಾರ ಫಿಲ್ಟರ್ ಕಟ್ಟಿಸಿ, ಇನ್ನೊಂದು ವಾರ ಸ್ಟಾಪ್ ಕೇಬಲ್ ಸಿಕ್ಕಿಸಿ, ಮತ್ತೊಂದು ವಾರ ಮುಚ್ಚಳದ ತೂತು ಮುಚ್ಚಿ. ಬ್ಯಾಚಿಗೆ ಒಂದು ಗಂಟೆ. ಸ್ಪ್ಯಾನರ್ ಮುಟ್ಟೋಕೆ ಮುಂಚೆ ಐದು ಪ್ರಶ್ನೆ ಕೇಳಲೇಬೇಕು, ಅದಕ್ಕೂ ಮಾರ್ಕ್ಸ್. ವೈವಾಕ್ಕೆ ಸೆಮ್ಮಿಗೆ ಒಂದು ಸಲ ಆಟೋ ಕಾಂಪ್ಲೆಕ್ಸ್‌ನಿಂದ ಒಬ್ಬ ಮೆಕ್ಯಾನಿಕ್ ಅವರನ್ನು ಕರೆಸಿ, ಬೇರೆ ಎಕ್ಸಾಮಿನರ್‌ಗಳಿಗೆ ಕೊಡುವಷ್ಟೇ ಗೌರವಧನ ಕೊಡಬೇಕು. ಪ್ರಶ್ನೆ ಕನ್ನಡದಲ್ಲೇ ಇರಲಿ.

ಡಿಪಾರ್ಟ್‌ಮೆಂಟಿಗೆ ಪತ್ರ ಬರೆದಿದ್ದೇವೆ. ಲ್ಯಾಬಿನಲ್ಲಿ ಜಾಗ ಇಲ್ಲ ಅನ್ನೋದು ಈವರೆಗಿನ ಉತ್ತರ. ಜಾಗ ಅಳೆದು ಬಂದಿದ್ದೇವೆ: ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿರೋ ಮೂಲೆ ಆರಡಿ, ಎಂಟಡಿ ಇದೆ. ಸಹಿ ಹಾಕೋ ಹಾಳೆ ಕ್ಲಬ್ ನೋಟಿಸ್ ಬೋರ್ಡ್ ಪಕ್ಕ ಶುಕ್ರವಾರದ ತನಕ ಇರುತ್ತೆ. ಇಇಇ, ಸಿಎಸ್‌ನವರೂ ಹಾಕಬಹುದು.