ಸೋಲನ್ನು ಮೊದಲೇ ಒಪ್ಪಿಕೊಂಡ ಮನಸ್ಸು

ಕೆಲಸಕ್ಕೆ ಕೈ ಹಾಕುವ ಮೊದಲೇ ‘ಇದು ನಮ್ಮಂಥವರಿಂದ ಆಗುವುದಲ್ಲ’ ಎಂದು ಹಿಂದೆ ಸರಿಯುವವರನ್ನು ಸೋಮಾರಿಗಳೆಂದೋ ಪುಕ್ಕಲರೆಂದೋ ಕರೆಯುವುದು ರೂಢಿ. ಆದರೆ ಆ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಅನುಭವ. ಹಲವು ಸಲ ಯತ್ನಿಸಿ ಪೆಟ್ಟು ತಿಂದವರು, ಅಥವಾ ಪೆಟ್ಟು ತಿಂದವರನ್ನು ಕಣ್ಣಾರೆ ಕಂಡವರು, ಯತ್ನಕ್ಕೂ ಫಲಕ್ಕೂ ಸಂಬಂಧವೇ ಇಲ್ಲವೆಂದು ಲೆಕ್ಕ ಹಾಕಿಕೊಂಡಿರುತ್ತಾರೆ. ಒಂದು ಕಾಲಕ್ಕೆ ಆ ಲೆಕ್ಕ ಸರಿಯಾಗಿಯೇ ಇದ್ದಿರಬಹುದು. ಪರಿಸ್ಥಿತಿ ಬದಲಾದ ಮೇಲೂ ಅದನ್ನೇ ನೆಚ್ಚಿ ಕುಳಿತಾಗ ಅದು ತನ್ನನ್ನು ತಾನೇ ಸೋಲಿಸಿಕೊಳ್ಳುವ ಮನೋಭಾವವಾಗುತ್ತದೆ.

ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಏನು ಮಾಡಿದರೂ ತಪ್ಪದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳಲ್ಲಿ ಹಲವು, ಮುಂದೆ ತಗ್ಗಾದ ಅಡ್ಡಗೋಡೆಯನ್ನು ಹಾರಿದರೆ ಪಾರಾಗಬಹುದಾಗಿದ್ದಾಗಲೂ ಬಿದ್ದಲ್ಲೇ ಬಿದ್ದಿದ್ದವು. ಅವುಗಳನ್ನು ಎಬ್ಬಿಸಲು ಫಲಕೊಟ್ಟ ಉಪಾಯ ಗಮನಾರ್ಹವಾದದ್ದು: ಹಗ್ಗ ಹಿಡಿದು ಅವನ್ನು ಆಚೆ ಬದಿಗೆ ಮತ್ತೆ ಮತ್ತೆ ಎಳೆದೊಯ್ದ ಮೇಲೆ ಅವು ತಾವಾಗಿ ದಾಟತೊಡಗಿದವು. ಸುಮಾರು ಅರ್ಧ ಶತಮಾನದ ಬಳಿಕ, 2016ರಲ್ಲಿ, ಇದೇ ಇಬ್ಬರು ತಮ್ಮ ಮೂಲ ವಿವರಣೆಯನ್ನೇ ತಿರುವಿಹಾಕಿದರು. ದೀರ್ಘ ಯಾತನೆಯ ಎದುರು ಸುಮ್ಮನಾಗುವುದು ಜೀವಿಯ ಸಹಜ ಪ್ರತಿಕ್ರಿಯೆ, ಪರಿಸ್ಥಿತಿ ತನ್ನ ಹಿಡಿತದಲ್ಲೂ ಇದೆ ಎಂಬುದೇ ಕಲಿಯಬೇಕಾದ ಪಾಠ ಎಂದರು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರ: ‘ನನ್ನಿಂದ ಆದೀತು’ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಹುಟ್ಟುವುದು ಕೈಯಾರೆ ಮಾಡಿ ಗೆದ್ದ ಅನುಭವದಿಂದ, ಆಮೇಲೆ ತಮ್ಮಂಥವರೇ ಮಾಡಿದ್ದನ್ನು ನೋಡಿದ್ದರಿಂದ. ಹುರಿದುಂಬಿಸುವ ಮಾತಿನ ಬಲ ಇವೆರಡಕ್ಕಿಂತ ಕಡಿಮೆ.

ಈ ಮನೋಭಾವಕ್ಕೆ ಇನ್ನೊಂದು ರೂಪವಿದೆ. ಪರೀಕ್ಷೆಯ ಹಿಂದಿನ ದಿನ ಬೇಕೆಂದೇ ಓದದಿರುವ ವಿದ್ಯಾರ್ಥಿ, ನಪಾಸಾದರೆ ‘ಓದಿರಲಿಲ್ಲ’ ಎನ್ನುವ ನೆಪವನ್ನು ಮೊದಲೇ ಕಟ್ಟಿಟ್ಟುಕೊಂಡಿರುತ್ತಾನೆ. ಮನೋವಿಜ್ಞಾನಿಗಳಾದ ಬರ್ಗ್ಲಾಸ್ ಮತ್ತು ಜೋನ್ಸ್ 1978ರಲ್ಲಿ ವಿವರಿಸಿದ ಈ ನಡೆ ಮಾನ ಉಳಿಸಿಕೊಳ್ಳುವ ದಾರಿ. ಗೆಲುವನ್ನಷ್ಟೇ ಹೊಗಳುವ ಮನೆ, ಶಾಲೆಗಳಲ್ಲಿ ಇದು ಬೆಳೆಯುತ್ತದೆ. ಸೋಲಿಗೆ ಅವಮಾನದ ದಂಡ ಇಲ್ಲದ ಕಡೆ ನೆಪದ ಅಗತ್ಯವೂ ಕುಗ್ಗುತ್ತದೆ.

ಊರಿಗೆ ಊರೇ ‘ಆಗದು’ ಎಂಬ ಭಾವನೆಯಿಂದ ಹೊರಬರುವ ಬಗೆಯನ್ನು ಉತ್ತರ ಕನ್ನಡದ ಅಂಕೋಲೆಯ ಇತಿಹಾಸದಲ್ಲಿ ಕಾಣಬಹುದು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಬ್ರಿಟಿಷ್ ಸಾಮ್ರಾಜ್ಯವನ್ನು ಎದುರಿಸಿ ಎಂದಿದ್ದರೆ ಎಷ್ಟು ಜನ ಮುಂದೆ ಬರುತ್ತಿದ್ದರೋ ಹೇಳಲಾಗದು. ಕೇಳಿದ್ದು ಅಷ್ಟನ್ನಲ್ಲ, ಉಪ್ಪುನೀರು ತಂದು ಒಲೆಯ ಮೇಲಿಟ್ಟು ಕಾಯಿಸಿ ಎಂದಷ್ಟೇ. ಸಾಣಿಕಟ್ಟೆಯ ಉಪ್ಪಿನ ಆಗರಗಳ ನೆರೆಯಲ್ಲಿ ಬಾಳುವ ಜನಕ್ಕೆ ಅದು ತಿಳಿಯದ ವಿದ್ಯೆಯಲ್ಲ. ಕೈಗೆ ಪಳಗಿದ ಚಿಕ್ಕ ಕೆಲಸ, ನೆರೆಹೊರೆಯವರ ಕಣ್ಣೆದುರು, ಎಲ್ಲರೂ ಕೂಡಿ: ಬಂಡೂರ ಮುಂದೆ ಬರೆದ ಎರಡು ಮುಖ್ಯ ಅಂಶಗಳೂ ಅಂದಿನ ಆ ಒಲೆಯ ಸುತ್ತ ಇದ್ದವು.

ಚಿಕ್ಕದರಿಂದ ದೊಡ್ಡದಕ್ಕೆ ಹೋದಾಗ ಬೆಲೆಯೂ ದೊಡ್ಡದಾಯಿತು. 1932ರ ಕರನಿರಾಕರಣೆಯಲ್ಲಿ ಅಂಕೋಲಾ ಮತ್ತು ಸಿದ್ದಾಪುರದ ರೈತರು ಭೂಕಂದಾಯ ಕೊಡಲಿಲ್ಲ. ಸರಕಾರ ಅವರ ಜಮೀನುಗಳನ್ನು ಮುಟ್ಟುಗೋಲು ಹಾಕಿ ಮಾರಿತು. ಇಲ್ಲಿ ಒಂದು ಮಾತನ್ನು ಮರೆಯಬಾರದು. ಹಿಂಜರಿಯುವವನ ಹಿಂಜರಿಕೆಯಲ್ಲಿ ನಿಜವಾದ ನಷ್ಟದ ಅಂದಾಜೂ ಇರುತ್ತದೆ. ಗದ್ದೆ ಕಳೆದುಕೊಂಡ ಮನೆಯ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆಗೆ ಧೈರ್ಯದ ಉಪದೇಶ ಉತ್ತರವಲ್ಲ. ಧೈರ್ಯ ಕೇಳುವವರು ನಷ್ಟದಲ್ಲೂ ಪಾಲು ಹೊರಬೇಕು. ಸಿದ್ದಾಪುರ ಸೀಮೆಯ ಹೆಂಗಸರು ಆ ಜಮೀನು ಕೊಂಡವರ ಮನೆಗಳ ಮುಂದೆ ಉಪವಾಸ ಕುಳಿತದ್ದು ಅಂಥ ಪಾಲು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ ಜಮೀನುಗಳನ್ನು ಹಿಂದಿರುಗಿಸುವ ಕ್ರಮವಾಯಿತು.

ಸರಕಾರವನ್ನು ಎದುರಿಸುವುದಕ್ಕಿಂತ ಕಷ್ಟದ್ದು ದಿನಬೆಳಗಾದರೆ ಮುಖ ನೋಡಬೇಕಾದ ಒಡೆಯರನ್ನು ಎದುರಿಸುವುದು. ಗೇಣಿದಾರನ ಊಟ, ಸಾಲ, ಮನೆಯ ಅಡಿಯ ಜಾಗ ಎಲ್ಲವೂ ಒಡೆಯರ ಮರ್ಜಿಯಲ್ಲಿತ್ತು. ಅವರ ಎದುರು ಗಟ್ಟಿಯಾಗಿ ಮಾತಾಡುವುದೇ ಹಲವರಿಗೆ ಊಹೆಗೆ ಮೀರಿದ್ದು. ಅಂಕೋಲೆಯವರೇ ಆದ ದಿನಕರ ದೇಸಾಯಿ (1909–1982) 1930ರ ದಶಕದ ಕೊನೆಯಲ್ಲಿ ಈ ಗೇಣಿದಾರರನ್ನು ಸಂಘಟಿಸಿದರು. ಚೌಪದಿಗಳ ಕವಿಯೆಂದೇ ನಾಡು ಅವರನ್ನು ಹೆಚ್ಚು ನೆನೆಯುತ್ತದೆ; ಈ ಕೆಲಸಕ್ಕೂ ಅಷ್ಟೇ ಮನ್ನಣೆ ಸಲ್ಲಬೇಕು. 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಲಾಯಿತು. ಐದು ವರ್ಷ ಅವರು ಹೊರಗಿದ್ದರು. ಒಂಟಿ ರೈತನಿಗೆ ಅಸಾಧ್ಯವಾದದ್ದು ಸಭೆಯಲ್ಲಿ ನೂರು ಜನರ ನಡುವೆ ಕುಳಿತವನಿಗೆ ಅಷ್ಟು ಅಸಾಧ್ಯ ಅನ್ನಿಸುವುದಿಲ್ಲ ಎಂಬುದು ಅವರ ಸಂಘಟನೆಯ ತಿರುಳು.

ಮುಂದೆ ದೇಸಾಯಿಯವರು ಶಾಲೆಗಳ ಕಡೆ ತಿರುಗಿದ್ದಕ್ಕೂ ಇದೇ ತರ್ಕ. 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟ್ ಜಿಲ್ಲೆಯಲ್ಲಿ ಪ್ರೌಢಶಾಲೆಗಳನ್ನು ತೆರೆಯಿತು. ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ತನ್ನ ಕೇರಿಯ ಒಬ್ಬ ಹುಡುಗಿ ಮೆಟ್ರಿಕ್ ಮುಗಿಸಿದ್ದನ್ನು ಕಂಡ ಮನೆಗೆ ವಿದ್ಯೆಯ ಮಹತ್ವದ ಬಗ್ಗೆ ಭಾಷಣ ಬೇಕಾಗುವುದಿಲ್ಲ.

ಕರ್ನಾಟಕದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಉಳುವ ಜಮೀನಿನ ಹಕ್ಕಿಗಾಗಿ ಗೇಣಿದಾರ ತಾನೇ 7ನೇ ನಮೂನೆಯಲ್ಲಿ ಅರ್ಜಿ ಹಾಕಿಕೊಳ್ಳಬೇಕಿತ್ತು. ಭೂ ನ್ಯಾಯಮಂಡಳಿಯಲ್ಲಿ ವಕೀಲರಿಗೆ ಮೊದಮೊದಲು ಅವಕಾಶವಿರಲಿಲ್ಲ. ಒಡೆಯರು ಎದುರಿಗಿರುವಾಗಲೇ ‘ಈ ಗದ್ದೆ ಉಳುವವನು ನಾನು’ ಎಂದು ರೈತ ತನ್ನ ಬಾಯಿಂದಲೇ ಹೇಳಬೇಕಿತ್ತು. ಹಾಗೆ ಎದ್ದು ನಿಂತು ಮಾತಾಡುವ ಅಭ್ಯಾಸ ಅಂಕೋಲೆಯ ಗೇಣಿದಾರರ ಸಭೆಗಳಲ್ಲಿ ಮೂರು ದಶಕಗಳ ಹಿಂದೆಯೇ ಶುರುವಾಗಿತ್ತು.