ಹವಳದ ದಿಬ್ಬವೂ ಅದನ್ನು ಬಲ್ಲ ಸ್ತ್ರೀಯರೂ

ಹವಳವೆಂದರೆ ಕೊರಳ ಸರದಲ್ಲಿ ಪೋಣಿಸುವ ಮಣಿಯೆಂದಷ್ಟೇ ನಮ್ಮ ಬಾಲಿಕೆಯರಲ್ಲಿ ಅನೇಕರು ತಿಳಿದಿರುವರು. ಸಮುದ್ರದಲ್ಲಿ ದಿಬ್ಬಗಳನ್ನು ಕಟ್ಟುವ ಹವಳವು ಪ್ರಾಣಿವರ್ಗಕ್ಕೆ ಸೇರಿದುದು. ಅತಿ ಚಿಕ್ಕವಾದ ಈ ಪ್ರಾಣಿಗಳು ಸುಣ್ಣವನ್ನು ಸ್ರವಿಸಿ ತಮ್ಮ ಮನೆಗಳನ್ನು ಕಟ್ಟಿಕೊಳ್ಳುತ್ತವೆ. ಇವುಗಳ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿಯು ವಾಸಿಸಿ, ಬಿಸಿಲಿನ ಬಲದಿಂದ ಆಹಾರವನ್ನು ಸಿದ್ಧಪಡಿಸಿ, ತನಗೆ ನೆಲೆಯಿತ್ತ ಪ್ರಾಣಿಯನ್ನೂ ಪೋಷಿಸುತ್ತದೆ. ಸಮುದ್ರದ ನೀರು ಮಿತಿಮೀರಿ ಬಿಸಿಯಾದರೆ ಪಾಚಿಯು ಹೊರಬಿದ್ದು ಹವಳವು ಬಿಳಿಚಿಕೊಳ್ಳುತ್ತದೆ. ಆ ಬಿಸಿಯು ಬಹುಕಾಲ ನಿಂತರೆ ಸಾಯುತ್ತದೆ.

ತಮಿಳುನಾಡಿನ ರಾಮೇಶ್ವರಕ್ಕೂ ತೂತ್ತುಕುಡಿಗೂ ನಡುವಣ ಮನ್ನಾರ್ ಕೊಲ್ಲಿಯ ದ್ವೀಪಗಳ ಸುತ್ತಲೂ ಇಂತಹ ದಿಬ್ಬಗಳಿವೆ. ಅಲ್ಲಿ ಕಡಲಹುಲ್ಲಿನ ಬಯಲುಗಳೂ, ಅವುಗಳನ್ನು ಮೇಯುವ ಕಡಲಹಸುಗಳೂ, ಆಮೆ, ಶಂಖ, ಮುತ್ತಿನ ಚಿಪ್ಪು, ಕಡಲಸೌತೆ ಮುಂತಾದ ಜೀವಿಗಳೂ ಒಂದನ್ನೊಂದು ಆಶ್ರಯಿಸಿ ಬಾಳುತ್ತವೆ. ಹಿಂದೆ ಸುಣ್ಣಕ್ಕಾಗಿಯೂ ಕಟ್ಟಡಗಳಿಗಾಗಿಯೂ ಹವಳವನ್ನು ದೋಣಿಗಟ್ಟಲೆ ಅಗೆದು ಸಾಗಿಸಿದರು. ಅಲೆಗಳಿಗೆ ತಡೆಯಿಲ್ಲದಂತಾಗಿ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿದವು. 1986ರಲ್ಲಿ 21 ದ್ವೀಪಗಳನ್ನೊಳಗೊಂಡ ಸಾಗರ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು. 2001ರಲ್ಲಿ ಹವಳವು ವನ್ಯಜೀವಿ ಕಾಯಿದೆಯ ರಕ್ಷಣೆಯನ್ನು ಪಡೆಯಿತು. ಇವೆಲ್ಲವೂ ಯುಕ್ತವಾದುವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಈ ದ್ವೀಪಗಳ ಸುತ್ತ ಬಹುಕಾಲದಿಂದ ಕಡಲಪಾಚಿಯನ್ನು ಕಿತ್ತು ಜೀವಿಸುವ ಸ್ತ್ರೀಯರಿದ್ದಾರೆ. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ ಅವರು ತರುವ ಪಾಚಿಯಿಂದಲೇ ಅಗರ್ ಎಂಬ ಅಂಟು ಪದಾರ್ಥವು ತಯಾರಾಗುತ್ತದೆ. ವಿಜ್ಞಾನಶಾಲೆಗಳಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಯಿಸುವುದು ಇದರ ಮೇಲೆಯೇ. ಉದ್ಯಾನದ ನಿಯಮಗಳು ಬಂದ ಬಳಿಕ ಇವರು ಅತಿಕ್ರಮಣಕಾರರೆನಿಸಿಕೊಂಡರು. ಕಾಲುಗಳು ಹವಳವನ್ನು ತುಳಿಯುತ್ತವೆಂಬ ಆಕ್ಷೇಪಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ತಿಂಗಳಿಗೆ ಹನ್ನೆರಡು ದಿನ ಮಾತ್ರ ಪಾಚಿ ಕೀಳುವ ಕಟ್ಟುಪಾಡಿಗೆ ಈ ಸ್ತ್ರೀಯರು ತಾವಾಗಿಯೇ ಒಳಪಟ್ಟಿರುವುದನ್ನು ಮರೆಯಬಾರದು. ಅವರ ಮುಖಂಡಳಾದ ಚಿನ್ನಪಾಲಂ ಗ್ರಾಮದ ಲಕ್ಷ್ಮೀ ಮೂರ್ತಿಗೆ 2015ರಲ್ಲಿ ಅಮೇರಿಕದ ಸೀಕಾಲಜಿ ಸಂಸ್ಥೆಯು ಪಾರಿತೋಷಕವನ್ನಿತ್ತು ಗೌರವಿಸಿತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಸಂಗತಿಯನ್ನು ನೋಡುವ. ಜೀವನೋಪಾಯವನ್ನು ಕಲ್ಪಿಸುವ ಸದುದ್ದೇಶದಿಂದಲೇ ಕಪ್ಪಾಫೈಕಸ್ ಎಂಬ ವಿದೇಶದ ಕಡಲಪಾಚಿಯ ಕೃಷಿಯನ್ನು ಈ ಕರಾವಳಿಯಲ್ಲಿ ಆರಂಭಿಸಿದರು. ಅದು ಎಲ್ಲೆ ಮೀರಿ ಹಬ್ಬಿ, ಕುರುಸಡೈ ದ್ವೀಪದ ಬಳಿ ಜೀವಂತ ಹವಳವನ್ನು ಹೊದಿಸಿ ಉಸಿರುಗಟ್ಟಿಸಿದ್ದು 2008ರಲ್ಲಿ ಪ್ರಕಟವಾಯಿತು. ಬಡವರಿಗೆ ಉಪಕಾರ ಮಾಡಬೇಕೆಂಬ ಮನಸ್ಸೊಂದೇ ಸಾಲದು. ಆಯಾ ನೀರಿನ ಸ್ವಭಾವವನ್ನು ತಿಳಿದ ಜ್ಞಾನವೂ ಬೇಕು.

ಆ ಜ್ಞಾನದಲ್ಲಿ ಒಂದು ಪಾಲು ಪಂಡಿತರಲ್ಲಿದೆ, ಇನ್ನೊಂದು ಪಾಲು ಆ ನೀರಿನಲ್ಲಿ ಮುಳುಗುವ ಸ್ತ್ರೀಯರಲ್ಲಿದೆ. ಯಾವ ಪಾಚಿ ಎಲ್ಲಿ ಚಿಗುರುವುದು, ಯಾವ ದಿಬ್ಬವು ಕಳೆದ ವರ್ಷಕ್ಕಿಂತ ಸೊರಗಿದೆ ಎಂಬುದನ್ನು ಅವರು ಕೈಮುಟ್ಟಿ ಬಲ್ಲರು. 1998, 2010, 2016ನೆಯ ವರ್ಷಗಳಲ್ಲಿ ಬಿಸಿನೀರಿನಿಂದ ಹವಳವು ಬಿಳಿಚಿದಾಗ ಯಾವ ಕಾವಲೂ ಅದನ್ನು ತಡೆಯಲಿಲ್ಲ. ಅಂತಹ ವಿಪತ್ತಿನ ಮೊದಲ ಚಿಹ್ನೆಗಳನ್ನು ಕಾಣುವ ಕಣ್ಣುಗಳು ಹೆಚ್ಚಿದಷ್ಟೂ ಲೇಸು. ಆದುದರಿಂದ ಮಿತಿಯನ್ನು ಗೊತ್ತುಮಾಡಿ, ಅನುಮತಿಪತ್ರವನ್ನಿತ್ತು, ಸಂಬಳ ಕೊಟ್ಟು ಈ ಸ್ತ್ರೀಯರನ್ನೇ ದಿಬ್ಬದ ಕಾವಲಿಗೂ ಪರೀಕ್ಷೆಗೂ ನೇಮಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು ಮುಂದೆ ಜೀವಶಾಸ್ತ್ರವನ್ನು ಅಭ್ಯಸಿಸಿ ಅಧಿಕಾರದ ಸ್ಥಾನಗಳಿಗೆ ಬರುವರೆಂದು ನಂಬಿದ್ದೇವೆ. ಆಗ ಓದುಬರಹ ಬಾರದ ಸಹೋದರಿಯೊಬ್ಬಳು ಕಡಲಿನ ವಿಷಯವಾಗಿ ಹೇಳುವ ಮಾತನ್ನು ಅವರು ಕುಳಿತು ಕೇಳಿ, ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ.